ಊದಿದ್ದು ನಾನೇ!

ನಿಮ್ಮ ಮನೆಯ ಅಟ್ಟದ ಮೇಲೂ ಮಕ್ಕಳ ಹಳೆಯ ವಿಡಿಯೋ ಗೇಮ್ ಒಂದು ಧೂಳು ಹೊದ್ದು ಮಲಗಿರಬಹುದು. ಕಬಾಡಿವಾಲಾನ ತಕ್ಕಡಿಗೆ ಹಾಕುವ ಮುನ್ನ ನನ್ನ ಎರಡು ಮಾತು ಕೇಳಿ.

ಕಳೆದ ಚಳಿಗಾಲದಲ್ಲಿ ಮಗ ಕೆಲಸ ಕಳೆದುಕೊಂಡು ಪೀತಮ್‌ಪುರದ ಮನೆಗೆ ಬಂದ. ಮೂವತ್ತು ದಾಟಿದವನು. ಊಟಕ್ಕೆ ಕರೆದರೆ ಬರುತ್ತಿದ್ದ, ಉಂಡು ಎದ್ದು ಹೋಗುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ನಾನೋ, "ಅರ್ಜಿ ಹಾಕಿದೆಯಾ? ಅವರಿಗೆ ಫೋನ್ ಮಾಡಿದೆಯಾ?" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದೆ. ಒಂದು ದಿನ ರಜಾಯಿ ತೆಗೆಯಲು ಅಟ್ಟ ಹತ್ತಿದವನು ತನ್ನ ಬಾಲ್ಯದ ಆ ಯಂತ್ರವನ್ನೂ ಇಳಿಸಿಕೊಂಡು ಬಂದ. ಟೀವಿಗೆ ಜೋಡಿಸಿದರೆ ಬರೀ ಬೂದು ಪರದೆ. ಗಲ್ಲಿಯ ರಿಪೇರಿಯವನು ಬಿಚ್ಚಿಯೂ ನೋಡದೆ, "ಫೇಂಕ್ ದೀಜಿಯೇ, ಆಂಟಿ" ಎಂದುಬಿಟ್ಟ.

ಎಸೆಯಲು ಮನಸ್ಸಾಗಲಿಲ್ಲ. ಮಗ ಸ್ಕ್ರೂ ಡ್ರೈವರ್ ಹಿಡಿದು ಕುಳಿತ. ನಾನು ದೀಪ ಹಿಡಿದೆ. ಅವನು ಹೇಳಿಕೊಟ್ಟದ್ದನ್ನೇ ನಿಮಗೆ ಹೇಳುತ್ತಿದ್ದೇನೆ.

ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ 'ಫ್ಯಾಮಿಕಾಮ್' ಎಂಬ ಯಂತ್ರವನ್ನು ಹೊರತಂದಿತು. ನಮ್ಮ ಮನೆಗಳಿಗೆ ಬಂದವು ಹೆಚ್ಚಾಗಿ ಅದರ ಅಗ್ಗದ ನಕಲುಗಳು. ಮಕ್ಕಳು 'ಕ್ಯಾಸೆಟ್' ಎನ್ನುತ್ತಿದ್ದ ಡಬ್ಬಿಯ ಅಂಚಿನಲ್ಲಿ 60 ಲೋಹದ ಪಟ್ಟಿಗಳಿವೆ. ಯಂತ್ರದ ಬಾಯಿಯಲ್ಲಿ ಅಷ್ಟೇ ಪಿನ್ನುಗಳು. ಒಂದಕ್ಕೊಂದು ತಾಗಿದರೆ ಆಟ, ತಾಗದಿದ್ದರೆ ಬೂದು ಪರದೆ. 1985ರಲ್ಲಿ ಅಮೆರಿಕಕ್ಕೆ ಹೋದ ಮಾದರಿಗೆ 72 ಪಿನ್ನುಗಳು. ಅದರಲ್ಲಿ ಕ್ಯಾಸೆಟ್ಟನ್ನು ಒಳದೂಡಿ ಕೆಳಕ್ಕೊತ್ತಬೇಕಿತ್ತು. ಒತ್ತಿ ಒತ್ತಿ ಪಿನ್ನುಗಳು ಸಡಿಲವಾಗುತ್ತಿದ್ದವು. ನಕಲಿ ಕ್ಯಾಸೆಟ್ ತಡೆಯುವ ಚಿಪ್ಪಿಗೆ ಸಂಪರ್ಕ ಸಿಗದಿದ್ದರೆ ಕೆಂಪು ದೀಪ ಮಿಣಮಿಣ ಎನ್ನುತ್ತಿತ್ತು. ನಮ್ಮದರಲ್ಲಿ ಆ ಚಿಪ್ಪಿಲ್ಲ. ನಮ್ಮದಕ್ಕೆ ಹಿಡಿದದ್ದು ಬರೀ ಕಿಲುಬು. ಬೇಸಿಗೆಯ ಆಂಧಿಯ ಧೂಳು, ಕೂಲರಿನ ತೇವದ ಗಾಳಿ, ಮೇಲೆ ಮಳೆಗಾಲ. ದೆಹಲಿಯಲ್ಲಿ ಕಿಲುಬಿಗೆ ಇನ್ನೇನು ಬೇಕು?

ಹಿತ್ತಾಳೆ ಬೆಳಗುವ ಕೈ ನನ್ನದು, ಹುಣಸೆಹಣ್ಣು ತರಲು ಎದ್ದೆ. "ಬೇಡಮ್ಮ, ಹುಳಿ ಲೋಹವನ್ನೇ ತಿನ್ನುತ್ತೆ" ಎಂದ. ಮರಳು ಕಾಗದವೂ ಕೂಡದು, ಪಟ್ಟಿಯ ಮೇಲಿನ ತೆಳು ಲೇಪ ಕಿತ್ತುಹೋಗುತ್ತದೆ.

ಮೊದಲು ಅಡಾಪ್ಟರ್ ಕಿತ್ತಿಡಿ. ಮೊಬೈಲ್ ರಿಪೇರಿ ಸಾಮಾನಿನ ಅಂಗಡಿಯಲ್ಲಿ 'ಐಪಿಎ' ಎಂದು ಕೇಳಿದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಕೊಡುತ್ತಾರೆ. ಶೇಕಡಾ 90ಕ್ಕಿಂತ ಹೆಚ್ಚಿನದಿರಲಿ. ಬೇಗ ಹೊತ್ತಿಕೊಳ್ಳುವ ವಸ್ತು, ಒಲೆಯ ಹತ್ತಿರ ಬೇಡ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಅದರಲ್ಲಿ ಅದ್ದಿ, ಹತ್ತಿ ಕಪ್ಪಾಗುವುದು ನಿಲ್ಲುವವರೆಗೆ ಪಟ್ಟಿಗಳನ್ನು ಒರೆಸಿ. ಅಂಚು ಇನ್ನೂ ಹಸಿಯಿರುವಾಗಲೇ ಕ್ಯಾಸೆಟ್ಟನ್ನು ಯಂತ್ರದ ಬಾಯಿಗೆ ಐದಾರು ಸಲ ಹಾಕಿ ತೆಗೆದರೆ ಒಳಗಿನ ಪಿನ್ನುಗಳೂ ಉಜ್ಜಿಕೊಳ್ಳುತ್ತವೆ. ಮತ್ತೆ ಅಂಚು ಒರೆಸಿ, ಅರ್ಧ ಗಂಟೆ ಒಣಗಲು ಬಿಡಿ. ಯಾವುದಾದರೂ ಪಿನ್ನು ಒಳಕ್ಕೆ ಕುಸಿದಿದ್ದರೆ ಹೊಲಿಗೆ ಸೂಜಿಯಿಂದ ಕೂದಲೆಳೆಯಷ್ಟು ಮೇಲೆತ್ತಿ, ಹೆಚ್ಚು ಬೇಡ. ವೈರು ಅಲುಗಿಸಿದಾಗ ಚಿತ್ರ ಬಂದು ಹೋಗುತ್ತಿದ್ದರೆ ಹಿಂದಿನ ಸಾಕೆಟ್ಟಿನ ಬೆಸುಗೆ ಬಿರುಕು ಬಿಟ್ಟಿರಬಹುದು. ಅದಕ್ಕೆ ಸೋಲ್ಡರಿಂಗ್ ಬಲ್ಲವರ ಕೈಯೇ ಬೇಕು.

ಸಂಜೆ ಟೀವಿಯಲ್ಲಿ ಮಾರಿಯೋ ಟೋಪಿ ಹಾಕಿಕೊಂಡು ಓಡಿದ. ಮಗ ಎಷ್ಟೋ ವಾರಗಳ ಮೇಲೆ ನಕ್ಕ. "ಇದು ಹಾಳಾದದ್ದು ಯಾರಿಂದ ಗೊತ್ತಾ? ನಿನ್ನಿಂದ!"

ನಿಜ. ಚಿಕ್ಕವನಿದ್ದಾಗ ಆಟ ನಿಂತರೆ ಕ್ಯಾಸೆಟ್ಟನ್ನು ನನ್ನ ಬಾಯಿಗೆ ಹಿಡಿಯುತ್ತಿದ್ದ. 'ಅಮ್ಮ ಊದಿದರೆ ಸರಿಹೋಗುತ್ತೆ' ಎಂಬ ನಂಬಿಕೆ. ನಾನು ಹೆಮ್ಮೆಯಿಂದ ಊದುತ್ತಿದ್ದೆ. ಸರಿಹೋಗುತ್ತಿದ್ದುದು ತೆಗೆದು ಮತ್ತೆ ಹಾಕಿದ್ದರಿಂದ. ಉಸಿರಿನ ತೇವ ಕಿಲುಬನ್ನಷ್ಟೇ ಬೆಳೆಸುತ್ತಿತ್ತು. ಊದಬೇಡಿ ಎಂದು ನಿಂಟೆಂಡೋದವರೇ ಎಚ್ಚರಿಸಿದ್ದರಂತೆ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಅವನು ಬಂದಾಗಿನಿಂದ ಪ್ರೀತಿಯಿಂದಲೇ ಎಷ್ಟು ಊದಿದ್ದೇನೆ ಎಂದು ಲೆಕ್ಕ ಹಾಕಿದೆ. ಬೆಳಿಗ್ಗೆ ಅರ್ಜಿಯ ಮಾತೆತ್ತದೆ ಕಾಫಿ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕುಳಿತೆ. ಎರಡನೆಯ ಲೋಟ ಮುಗಿಯುವ ಹೊತ್ತಿಗೆ ಆಫೀಸಿನಲ್ಲಿ ಆದದ್ದನ್ನೆಲ್ಲ ತಾನಾಗಿಯೇ ಹೇಳಿದ.

ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಊಟದ ಹೊತ್ತಿಗೆ ಮನೆಯಲ್ಲಿ ಮಾತಿದೆ. ನಿಮ್ಮ ಅಟ್ಟವನ್ನೂ ಒಮ್ಮೆ ನೋಡಿ.