ಜೋಳ ನಿಂತಲ್ಲೇ, ಅಲೆ ಬದುವಿಗೆ

ಮಕ್ಕಳೇ, ಅರ್ಧ ತಾಸು ಆಟ ಆಡಿದ ಮೇಲೆ ಮೊಬೈಲಿನ ಬೆನ್ನು ಮುಟ್ಟಿ ನೋಡಿ. ಬಿಸಿಯಾಗಿರುತ್ತದೆ. ಒಳಗೆ ಒಲೆಯಿಲ್ಲ, ಆ ಕಾವು ಎಲ್ಲಿಂದ ಬಂತು?

ಸಂತೆಯ ದಿನ ಸಿಂದಗಿಯಿಂದ ಇಂಡಿಗೆ ಹೊರಟ ಬಸ್ಸನ್ನು ನೆನೆಯಿರಿ. ಹಿಂದಿದ್ದವರು ಮುಂದೆ ಬರುವಷ್ಟರಲ್ಲಿ ಹತ್ತು ಮಂದಿಗೆ ತಾಗಿ ಬೆವರುತ್ತಾರೆ. ತಂತಿಯೊಳಗೆ ಎಲೆಕ್ಟ್ರಾನುಗಳ ಪಾಡೂ ಹೀಗೇ. ಅವು ಡಿಕ್ಕಿ ಹೊಡೆಯುತ್ತ ಸಾಗುವಾಗ ಸೋರಿದ ಶಕ್ತಿಯೇ ಕಾವು. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ 2400 ಮೆಗಾವಾಟಿನ ಸ್ಥಾವರವಿದೆ. ಅಲ್ಲಿ ಕಲ್ಲಿದ್ದಲು ಸುಟ್ಟು ಮಾಡಿದ ಕರೆಂಟಿನಲ್ಲೂ ಒಂದು ಪಾಲು ಹೀಗೇ ಹೋಗುತ್ತದೆ.

ಯಾರೂ ನಡೆಯದೆ ಸುದ್ದಿ ಮುಟ್ಟಿಸಲು ಬಾರದೇ? ಹಿಂಗಾರಿ ಬಿಳಿಜೋಳದ ಹೊಲ ಕಂಡ ಅಜ್ಜ-ಅಜ್ಜಿಯರನ್ನು ಕೇಳಿ. ಗಾಳಿ ಬೀಸಿದಾಗ ಈ ಬದುವಿನಿಂದ ಆ ಬದುವಿಗೆ ಅಲೆ ಓಡುತ್ತದೆ. ದಂಟು ಮಾತ್ರ ಬೇರೂರಿದಲ್ಲೇ ಇರುತ್ತದೆ.

ಪ್ರತಿ ಎಲೆಕ್ಟ್ರಾನಿಗೂ ‘ಸ್ಪಿನ್’ ಎಂಬ ಗುಣವಿದೆ. ಅದರಿಂದ ಅದೊಂದು ಅತಿ ಪುಟ್ಟ ಆಯಸ್ಕಾಂತ. ಕೆಲವು ಕಾಂತೀಯ ಹರಳುಗಳು ಅವಾಹಕಗಳು. ಅಲ್ಲಿ ಎಲೆಕ್ಟ್ರಾನುಗಳು ಮನೆ ಬಿಟ್ಟು ಹೊರಡುವುದಿಲ್ಲ. ಆದರೆ ಒಂದರ ಸ್ಪಿನ್ ಓಲಾಡಿದರೆ ಪಕ್ಕದ್ದೂ ಓಲಾಡುತ್ತದೆ, ಅದರ ಪಕ್ಕದ್ದೂ. ಜೋಳವನ್ನು ಗಾಳಿ ಬಾಗಿಸುತ್ತದೆ. ಇಲ್ಲಿ ನೆರೆಯವರೇ ನೆರೆಯವರನ್ನು ಬಾಗಿಸುತ್ತಾರೆ. ಇದೇ ಸ್ಪಿನ್ ಅಲೆ. ಫೆಲಿಕ್ಸ್ ಬ್ಲಾಕ್ 1930ರಲ್ಲೇ ಇದನ್ನು ಲೆಕ್ಕ ಹಾಕಿ ಹೇಳಿದ್ದರು.

2010ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾಲಯದ ಐಜಿ ಸೈತೋ ಮತ್ತು ಸಂಗಡಿಗರು ಇದನ್ನು ಮಾಡಿ ತೋರಿಸಿದರು. ಯಿಟ್ರಿಯಮ್, ಕಬ್ಬಿಣ, ಆಮ್ಲಜನಕ ಸೇರಿದ ಗಾರ್ನೆಟ್ ಹರಳಿನ ಮೇಲೆ 1 ಮಿಲಿಮೀಟರ್ ಅಂತರದಲ್ಲಿ ಎರಡು ಪ್ಲಾಟಿನಂ ಪಟ್ಟಿ ಇಟ್ಟರು. ಒಂದಕ್ಕೆ ಕರೆಂಟು ಕೊಟ್ಟಾಗ ಇನ್ನೊಂದರಲ್ಲಿ ಸಣ್ಣ ವೋಲ್ಟೇಜು ಕಂಡಿತು. ನಡುವಿನ ಹರಳಿನಲ್ಲಿ ಕರೆಂಟು ಹರಿದಿರಲಿಲ್ಲ. ಸುದ್ದಿ ಒಯ್ದದ್ದು ಸ್ಪಿನ್ ಅಲೆ.

ಹಾಗಾದರೆ ನಷ್ಟವೇ ಇಲ್ಲವೇ? ಇದೆ. ಎಲೆಕ್ಟ್ರಾನುಗಳ ನೂಕುನುಗ್ಗಲು ತಪ್ಪಿತು, ಆದರೆ ದೂರ ಹೋದಂತೆ ಅಲೆ ಮೆತ್ತಗಾಗುತ್ತದೆ. ಅದನ್ನು ಎಬ್ಬಿಸುವ ಪ್ಲಾಟಿನಂ ಪಟ್ಟಿಯೂ ಬಿಸಿಯಾಗುತ್ತದೆ. ಒಂದಿಷ್ಟೂ ಸೋರದಂತೆ ಸ್ಪಿನ್ ಸಾಗಿಸುವುದು ವಿಜ್ಞಾನಿಗಳ ಗುರಿ. ಆ ಗುರಿಯ ಹತ್ತಿರ ಹೋದಷ್ಟೂ ಯಂತ್ರಗಳ ಕಾವು ಇಳಿದೀತು, ಕಲ್ಲಿದ್ದಲೂ ಉಳಿದೀತು.

ಈ ವಾರದ ಕೆಲಸ: ಇಂಡಿಯಿರಲಿ, ಮುದ್ದೇಬಿಹಾಳವಿರಲಿ, ಶಾಲೆಯಲ್ಲಿ ಗುರುಗಳನ್ನು ಕೇಳಿ ನಾಲ್ಕೈದು ದಿಕ್ಸೂಚಿಗಳನ್ನು ಒತ್ತೊತ್ತಾಗಿ ಸಾಲಿಗಿಡಿ. ಪುಟ್ಟ ಆಯಸ್ಕಾಂತವನ್ನು ಮೊದಲನೆಯದರ ಬಳಿ ಮಾತ್ರ ಆಡಿಸಿ. ಎಷ್ಟನೆಯ ಮುಳ್ಳಿನವರೆಗೆ ಓಲಾಟ ಮುಟ್ಟಿತು, ಎಣಿಸಿ ಮನೆಯ ಹಿರಿಯರಿಗೆ ಹೇಳಿ.