ಸಹಿಗಷ್ಟೇ ಸೀಮಿತವಾದ ಸಮಿತಿ

ಮಸೀದಿ ಕಮಿಟಿಯ ಆಯ್ಕೆಯೆಂದರೆ ಇಶಾ ನಮಾಝಿನ ಬಳಿಕ ನಡುರಾತ್ರಿಯವರೆಗೂ ವಾದಿಸುವ ನಾವು, ನಮ್ಮದೇ ಮಕ್ಕಳು ಕಲಿಯುವ ಸರಕಾರಿ ಶಾಲೆಯ ಎಸ್‌ಡಿಎಂಸಿ ಸಭೆಯತ್ತ ಸುಳಿಯುವುದಿಲ್ಲ. ಠರಾವು ಪುಸ್ತಕ ಮನೆಬಾಗಿಲಿಗೆ ಬಂದರೆ ಓದದೆ ಸಹಿ ಹಾಕುತ್ತೇವೆ. ಆಮೇಲೆ, ರಾಯಚೂರನ್ನು ಸರಕಾರ ಕಡೆಗಣಿಸಿತೆಂದು ಹಲುಬುತ್ತೇವೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು, ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. 22ನೇ ಕಲಮಿನಂತೆ ಶಾಲಾ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕಾದುದು ಇದೇ ಸಮಿತಿ; ಅನುದಾನಕ್ಕೂ ಆ ಯೋಜನೆಯೇ ಆಧಾರ. ಇನ್ನೆಷ್ಟು ಶಿಕ್ಷಕರು ಬೇಕು, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರು ಬರುತ್ತದೆಯೇ, ಉರ್ದು ಮಾಧ್ಯಮದ ಮಗುವಿಗೆ ಕನ್ನಡ ಕಲಿಸುವವರಾರು? ನಾವು ಬರೆಯದೇ ಬಿಟ್ಟುದನ್ನು ಯಾರು ಮಂಜೂರು ಮಾಡಿಯಾರು?

ದೇವದುರ್ಗ, ಮಾನ್ವಿಗಳ ಹಳ್ಳಿಗಳಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಬೆಂಚುಗಳು ಬರಿದಾಗುತ್ತವೆ. ಹೆತ್ತವರು ಬೆಂಗಳೂರಿಗೆ ಗುಳೆ ಹೋದರೆ ಮಗುವೂ ಹೋಗುತ್ತದೆ. ಯಾವ ಮಗು ಯಾವ ತಿಂಗಳು ಮರೆಯಾಗುತ್ತದೆಂಬುದು ಬಿಇಒ ಕಚೇರಿಗಿಂತ ಓಣಿಯ ತಾಯಂದಿರಿಗೆ ಚೆನ್ನಾಗಿ ಗೊತ್ತು. ಆ ತಾಯಂದಿರ ಹೆಸರನ್ನು ಪಟ್ಟಿಯಲ್ಲಿಟ್ಟು, ಕುರ್ಚಿಯಲ್ಲಿ ಗಂಡಂದಿರು ಕೂರುವುದು ಯಾವ ಸೀಮೆಯ ಶೂರಾ?

ಕೂಲಿ ಬಿಟ್ಟು ಬರಲಾಗದೆಂಬ ಮಾತು ಸುಳ್ಳಲ್ಲ. ಹಾಗಿದ್ದರೆ ಸಭೆಯನ್ನು ಸಂಜೆಗೆ ಇಡಿರೆಂದು ಮುಖ್ಯಗುರುಗಳನ್ನು ಕೇಳೋಣ. ಅದರ ದಿನಾಂಕವನ್ನು ಖತೀಬರು ಜುಮಾದ ದಿನ ಸಾರಲಿ.