ಜಾರಿ ಬಿದ್ದ ಗಾಯ

ಘಟ್ಟದ ಮೇಲಿನ ಮಳೆಗಾಲವನ್ನು ಕಂಡವರಿಗೆ ‘ಜಾರಿ ಬಿದ್ದೆ’ ಎಂಬ ಮಾತು ಹೊಸದಲ್ಲ. ತೀರ್ಥಹಳ್ಳಿಯಿಂದ ಕುಂದಾಪುರದ ಕಡೆಗೆ ಹೊರಟ ರಸ್ತೆ ಬಾಳೆಬರೆ ಘಟ್ಟವನ್ನು ಇಳಿಯುವ ಮುನ್ನ ಸಿಕ್ಕುವ ಊರು ಮಾಸ್ತಿಕಟ್ಟೆ. ವಾರಾಹಿ ವಿದ್ಯುತ್ ಯೋಜನೆಯ ದೆಸೆಯಿಂದ ಹೊರಗಿನವರಿಗೂ ಅದರ ಹೆಸರು ಪರಿಚಿತ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಸುರಿಯುವ ಸೀಮೆಗಳಲ್ಲಿ ಅದೂ ಒಂದು. ಆಷಾಢ ಬಂತೆಂದರೆ ಅಂಗಳವೆಲ್ಲ ಪಾಚಿ ಕಟ್ಟುತ್ತದೆ. ಹಳ್ಳದ ಸಂಕದ ಮೇಲೆ ಕಾಲು ನಿಲ್ಲುವುದಿಲ್ಲ. ಬೀಳದವರೇ ಇಲ್ಲವೆನ್ನಬೇಕು. ಆದ್ದರಿಂದಲೇ ಅಲ್ಲಿಯ ಹುಡುಗನೊಬ್ಬ ಮೈಮೇಲೆ ಗಾಯ ಹೊತ್ತು ಬಂದು ‘ಜಾರಿ ಬಿದ್ದೆ’ ಎಂದರೆ ಕೇಳಿದವರಲ್ಲಿ ಮರುಪ್ರಶ್ನೆ ಹುಟ್ಟುವುದಿಲ್ಲ.

ಸುಮಾರು ಹದಿನೈದು ವರ್ಷಗಳ ಹಿಂದೆ ನನ್ನ ಪಿಯುಸಿ ತರಗತಿಯಲ್ಲಿ ಆ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬನಿದ್ದ. ಸದಾ ತುಂಬುತೋಳಿನ ಅಂಗಿ. ಒಂದು ದಿನ ಪರೀಕ್ಷೆ ಬರೆಯುವಾಗ ತೋಳು ಮಡಿಸಿದ. ಮುಂಗೈಯ ಹೊರಮಗ್ಗುಲಿನಲ್ಲಿ ಒಂದರ ಪಕ್ಕಕ್ಕೊಂದು ಮೂರು ಬಾಸುಂಡೆಗಳು ಕಂಡವು. ಕೇಳಿದೆ. “ಅಂಗಳದಲ್ಲಿ ಜಾರಿದೆ ಸಾರ್” ಎಂದ. “ನೋಡಿಕೊಂಡು ನಡೆಯೋ ಮಾರಾಯ” ಎಂದು ನಾನು ಮುಂದಿನ ಸಾಲಿಗೆ ಹೋದೆ. ಮರುತಿಂಗಳಿಂದ ಅವನು ತರಗತಿಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದವನೂ ನಾನೇ.

ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳುವವನು. ಆದರೂ ವೈದ್ಯರು ಬರೆದುದನ್ನು ಓದಿದ ಮೇಲೆ, ಗಾಯಕ್ಕೂ ಒಂದು ವ್ಯಾಕರಣವುಂಟೆಂದು ತಿಳಿಯಿತು. ಓಡಾಡುವ ಮಗು ಬಿದ್ದರೆ ಪೆಟ್ಟು ತಗಲುವುದು ಹೆಚ್ಚಾಗಿ ಎಲುಬು ಮುಂಚಾಚಿದ ಕಡೆ: ಮಂಡಿ, ಮೊಣಕೈ, ಮೊಳಕಾಲಿನ ಮುಂಭಾಗ, ಹಣೆ, ಗದ್ದ. ಕಿವಿ, ಕತ್ತು, ಬೆನ್ನು, ಹೊಟ್ಟೆ, ತೊಡೆಯ ಹಿಂಬದಿ, ಇವುಗಳಿಗೆ ಬೀಳುವಿಕೆಯಿಂದ ಪೆಟ್ಟಾಗುವುದು ವಿರಳ. ಬೆಲ್ಟು, ಹಗ್ಗ, ಬರಲು ಇವು ಚರ್ಮದ ಮೇಲೆ ತಮ್ಮ ಆಕಾರವನ್ನೇ ಬಿಟ್ಟುಹೋಗುತ್ತವೆ. ಇನ್ನೂ ಮಗುಚಿಕೊಳ್ಳಲೂ ಬಾರದ ಹಸುಗೂಸಿನ ಮೈಯಲ್ಲಿ ಕಂದು ಕಂಡರೆ, ಅದು ತಾನಾಗಿ ಬಿದ್ದಿತೆಂಬ ಮಾತು ನಿಲ್ಲುವುದಿಲ್ಲ. ಬೆಳೆದ ಹುಡುಗರಲ್ಲಿ ಗುರುತು ಮುಂಗೈಯ ಹೊರಮಗ್ಗುಲಿಗೆ ಬರುವುದುಂಟು. ಮುಖಕ್ಕೆ ಬೀಳುವ ಏಟನ್ನು ತಡೆಯಲು ಎತ್ತುವ ಕೈ ಅದು.

ಈ ವ್ಯಾಕರಣವನ್ನು ಕಲಿಯಲು ವೈದ್ಯರಿಗೂ ಬಹುಕಾಲ ಹಿಡಿಯಿತು. 1946ರಲ್ಲಿ ಅಮೆರಿಕದ ಕ್ಷಕಿರಣ ತಜ್ಞ ಜಾನ್ ಕ್ಯಾಫಿ, ತಲೆಯೊಳಗೆ ರಕ್ತ ಕಟ್ಟಿದ್ದ ಆರು ಶಿಶುಗಳ ಉದ್ದೆಲುಬುಗಳಲ್ಲಿ ಮುರಿತಗಳನ್ನು ಕಂಡು ಬರೆದ. ಕಾರಣವನ್ನು ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಅದಕ್ಕೆ ‘ಹೊಡೆತಕ್ಕೆ ಸಿಕ್ಕ ಮಗುವಿನ ಲಕ್ಷಣಕೂಟ’ ಎಂಬ ಹೆಸರು ಬಂದದ್ದು 1962ರಲ್ಲಿ, ಹೆನ್ರಿ ಕೆಂಪ್ ಮತ್ತು ಅವನ ಸಂಗಡಿಗರ ಲೇಖನದಿಂದ. ಆದರೆ ಕಂಡ ಗುರುತನ್ನೆಲ್ಲ ಹೊಡೆತವೆಂದು ಹೇಳುವುದೂ ಸಲ್ಲದು. ಎಷ್ಟೋ ಶಿಶುಗಳ ಬೆನ್ನಿನ ಕೆಳಭಾಗದಲ್ಲಿ ಹುಟ್ಟಿನಿಂದಲೇ ನೀಲಿ ಮಚ್ಚೆಯಿರುತ್ತದೆ. ರಕ್ತ ಹೆಪ್ಪುಗಟ್ಟದ ರೋಗವೂ ಉಂಟು, ಎಲುಬು ಸುಲಭವಾಗಿ ಮುರಿಯುವ ರೋಗವೂ ಉಂಟು. ತೀರ್ಪು ವೈದ್ಯರದು; ಕಣ್ಣು ತೆರೆದು ನೋಡುವ ಕೆಲಸ ಮಾತ್ರ ನಮ್ಮದು.

ನಾವು ನೋಡುತ್ತಿಲ್ಲವೆಂಬುದಕ್ಕೆ ಅಂಕಿಗಳೇ ಸಾಕ್ಷಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನವು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿತು. ಮೂವರಲ್ಲಿ ಇಬ್ಬರು ಮೈಗೆ ಪೆಟ್ಟು ತಿಂದವರು. ಮನೆಯಲ್ಲಿ ತಿಂದವರ ಪೈಕಿ ನೂರಕ್ಕೆ 88ಕ್ಕೂ ಹೆಚ್ಚು ಮಂದಿಗೆ ಹೊಡೆದವರು ತಾಯಿತಂದೆಯರೇ. ಕರ್ನಾಟಕ ಆ ಹದಿಮೂರರಲ್ಲಿ ಸೇರಿರಲಿಲ್ಲ. ಅದರಿಂದ ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. 2022ರ ಡಿಸೆಂಬರಿನಲ್ಲಿ ಗದಗ ಜಿಲ್ಲೆಯ ಸರ್ಕಾರಿ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕನೊಬ್ಬ ಹೊಡೆದು ಮಹಡಿಯಿಂದ ತಳ್ಳಿದನೆಂಬ ಆರೋಪದ ಪ್ರಕರಣದಲ್ಲಿ, ನಾಲ್ಕನೆಯ ತರಗತಿಯ ಬಾಲಕನೊಬ್ಬ ಪ್ರಾಣ ಕಳೆದುಕೊಂಡ.

ಭಾಷೆಯ ಮೇಷ್ಟರಾದ ನನ್ನನ್ನು ಹೆಚ್ಚು ಕಾಡುವುದು ಈ ಹೊಡೆತಕ್ಕೆ ನಾವಿಟ್ಟಿರುವ ಹೆಸರುಗಳು. ‘ಬುದ್ಧಿ ಕಲಿಸುತ್ತೇನೆ’ ಎಂದರೆ ಕನ್ನಡದಲ್ಲಿ ಅದು ಬೆದರಿಕೆ. ಏಟಿಗೆ ‘ಕಜ್ಜಾಯ’ವೆನ್ನುತ್ತೇವೆ, ಗುಂಪು ಕೂಡಿ ಬಡಿದರೆ ‘ಧರ್ಮದೇಟು’. ಹಳೆಯ ಕೂಲಿಮಠದಲ್ಲಿ ಹುಡುಗನನ್ನು ಹಗ್ಗಕ್ಕೆ ನೇತುಹಾಕುತ್ತಿದ್ದ ಶಿಕ್ಷೆಗೆ ಶ್ರೀರಾಮನ ಬಿಲ್ಲಿನ ಹೆಸರು, ಕೋದಂಡ! ಕೂಸಿಗೆ ಜಡ್ಡಾದಾಗ ಕಾದ ಕಬ್ಬಿಣದಿಂದ ಬರೆ ಹಾಕಿಸುವ ತಾಯಿ ಅದನ್ನು ಔಷಧವೆಂದೇ ನಂಬಿರುತ್ತಾಳೆ. ಅಲ್ಲಿ ದ್ವೇಷವಿಲ್ಲ, ಆದರೆ ಚರ್ಮ ಬೇಯುವುದು ತಪ್ಪುವುದಿಲ್ಲ. ಮಾಸ್ತಿಕಟ್ಟೆಯ ಹೆಸರನ್ನೇ ನೋಡಿ: ಮಹಾಸತಿ ಎಂಬುದು ಮಾಸತಿಯಾಗಿ, ಮಾಸ್ತಿಯಾಯಿತು. ಗಂಡನೊಡನೆ ಚಿತೆಗೇರಿದ ಹೆಣ್ಣಿಗೆ ನಾಡು ಕಲ್ಲು ನೆಟ್ಟು ಕೈಮುಗಿಯಿತು. 1829ರಲ್ಲಿ ಬಂಗಾಳದಲ್ಲಿ ಕಾನೂನು ಅದನ್ನು ಅಪರಾಧವೆಂದು ಕರೆಯುವವರೆಗೆ, ಆ ಸಾವಿಗೆ ಬೇರೆ ಹೆಸರು ಇರಬಹುದೆಂದು ಬಹುಜನರಿಗೆ ತೋಚಿರಲಿಲ್ಲ. ಮನೆಯೊಳಗಿನ ನೋವಿಗೆ ಪೂಜ್ಯವಾದ ಹೆಸರು ಸಿಕ್ಕಿಬಿಟ್ಟರೆ, ಅದನ್ನು ನೋವೆಂದು ಗುರುತಿಸುವುದಕ್ಕೆ ತಲೆಮಾರುಗಳೇ ಬೇಕಾಗುತ್ತವೆ.

ಕಾನೂನು ಈಗಲೂ ಅರ್ಧ ದಾರಿಯಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯ ಬೆತ್ತವನ್ನು ನಿಷೇಧಿಸಿತು. 2015ರ ಬಾಲನ್ಯಾಯ ಕಾಯಿದೆಯ 75ನೆಯ ಕಲಮು ಮಗುವಿನ ಹೊಣೆ ಹೊತ್ತವರ ಕ್ರೌರ್ಯಕ್ಕೆ ಸೆರೆವಾಸ ವಿಧಿಸುತ್ತದೆ. ಆದರೆ ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗೆಂದು ಪೋಷಕರು ಸದ್ಭಾವದಿಂದ ಮಾಡಿದ್ದಕ್ಕೆ, ಕೆಲವು ಮಿತಿಗಳೊಡನೆ, ರಕ್ಷಣೆ ಕೊಡುವ ಹಳೆಯ ದಂಡಸಂಹಿತೆಯ ನಿಯಮ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ 27ನೆಯ ಕಲಮಾಗಿ ಉಳಿದಿದೆ. ಸ್ವೀಡನ್ ದೇಶ ಮನೆಯ ಏಟನ್ನೂ 1979ರಲ್ಲಿಯೇ ನಿಷೇಧಿಸಿತು.

ಕಾನೂನು ಪೂರ್ಣವಾಗುವವರೆಗೆ ಕಾಯಬೇಕಾಗಿಲ್ಲ. 1098 ಎಂಬ ಸಂಖ್ಯೆಗೆ ಹಗಲಿರುಳು ಯಾರು ಬೇಕಾದರೂ ಕರೆಮಾಡಬಹುದು. ಜಿಲ್ಲೆಯಲ್ಲಿ ಮಕ್ಕಳ ಕಲ್ಯಾಣ ಸಮಿತಿಯಿದೆ. ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಆದರೆ ಇವೆಲ್ಲಕ್ಕೂ ಮುಂಚೆ, ಗಾಯ ಕಂಡವರು ಎರಡನೆಯ ಪ್ರಶ್ನೆ ಕೇಳಬೇಕು. ಅದನ್ನು ನಾಲ್ಕು ಜನರ ನಡುವೆ ಕೇಳಬಾರದು. ಹೊಡೆದವರ ಎದುರಿನಲ್ಲಂತೂ ಕೂಡದು.

ಕಳೆದ ಮಳೆಗಾಲದಲ್ಲಿ ಮಾಸ್ತಿಕಟ್ಟೆಯ ಬಸ್ ನಿಲ್ದಾಣದಲ್ಲಿ ಆ ಹುಡುಗ ಸಿಕ್ಕಿದ. ಈಗ ಮೂವತ್ತು ದಾಟಿದ ಗೃಹಸ್ಥ. ತೋಳಿನಲ್ಲಿ ಪುಟ್ಟ ಮಗಳು. ಕ್ಷೇಮಸಮಾಚಾರವಾದ ಮೇಲೆ, ನಾನು ಕೇಳದೆಯೇ, “ಅವತ್ತು ಜಾರಿರಲಿಲ್ಲ ಸಾರ್” ಎಂದ. ಸ್ವಲ್ಪ ತಡೆದು, “ನಿಮಗೆ ಗೊತ್ತಾಗಿದೆ ಅಂದುಕೊಂಡಿದ್ದೆ” ಎಂದ.

ಅವನ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಬಸ್ಸು ಬಂತು; ಮಗುವಿನ ತಲೆಗೆ ಕೊಡೆ ಹಿಡಿದು ಅವನು ಹತ್ತಿಹೋದ. ನನಗೆ ಗೊತ್ತಾಗಿತ್ತೇ? ಇಷ್ಟು ದಿನವೂ ಇಲ್ಲವೆಂದೇ ಹೇಳಿಕೊಂಡು ಬಂದಿದ್ದೆ. ಆದರೆ ಮೂರು ಬಾಸುಂಡೆಗಳೆಂದು ಅಂದೇ ಎಣಿಸಿದ್ದೆನಲ್ಲ.